ಹಳೆಯ ಫೋರ್ಟ್ರಾನ್ ಟೆಸ್ಟ್ ಫ್ರೇಮ್‌ವರ್ಕ್ ಕೈಗೆ ಬಂದಿದೆ: ಉಳಿಸಿಕೊಳ್ಳಲೋ, ಬಿಡಲೋ?

ಪ್ರಶ್ನೆ: ಸರ್, ನಮಸ್ಕಾರ. ನಾನು ಬೆಳಗಾವಿಯಲ್ಲಿ ಜಲವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಜಲಾಶಯದ ನೀರಿನ ಲೆಕ್ಕ, ಕಾಲುವೆಯ ಹರಿವಿನ ಲೆಕ್ಕ ಮಾಡುವ ಫೋರ್ಟ್ರಾನ್ ಪ್ರೋಗ್ರಾಂ ನಮ್ಮ ತಂಡದಲ್ಲಿದೆ. ಅದನ್ನು ಪರೀಕ್ಷಿಸಲು ನನ್ನ ಸೀನಿಯರ್ ಒಬ್ಬರು ಸಣ್ಣದೊಂದು ಯುನಿಟ್ ಟೆಸ್ಟ್ ಫ್ರೇಮ್‌ವರ್ಕ್ (ಕೋಡಿನ ಒಂದೊಂದು ಭಾಗವನ್ನೂ ಬೇರೆಯಾಗಿ ಪರೀಕ್ಷಿಸುವ ವ್ಯವಸ್ಥೆ) ಬರೆದಿದ್ದರು. ಬಾಗಲಕೋಟೆ ಮತ್ತು ವಿಜಯಪುರದ ಇನ್ನೆರಡು ತಂಡಗಳೂ ಅದನ್ನೇ ಬಳಸುತ್ತಿವೆ. ಸೀನಿಯರ್‌ಗೆ ಕೆಲಸ ಸಿಕ್ಕಿತು, ಹೋದರು. ಗೈಡ್ ಅದನ್ನು ನನಗೆ ಒಪ್ಪಿಸಿದ್ದಾರೆ. ಲ್ಯಾಬಿನ ಕಂಪ್ಯೂಟರುಗಳನ್ನು ಉಬುಂಟು 20.04ರಿಂದ 24.04ಕ್ಕೆ ಬದಲಿಸಿದ ಮೇಲೆ ಅರ್ಧ ಟೆಸ್ಟುಗಳು ಕಂಪೈಲ್ ಆಗುತ್ತಿಲ್ಲ. ಕೆಲವು ಮೊದಲು ಪಾಸ್ ಆಗುತ್ತಿದ್ದವು, ಈಗ ಫೇಲ್ ಆಗುತ್ತಿವೆ. ಇದನ್ನು ಬಿಟ್ಟು ಪಿಎಫ್‌ಯುನಿಟ್‌ನಂಥ ಸಿದ್ಧ ಫ್ರೇಮ್‌ವರ್ಕಿಗೆ ಹೋಗಲೇ? ಉಳಿಸಿಕೊಂಡರೆ ಏನೇನು ನೋಡಿಕೊಳ್ಳಬೇಕು? ಥೀಸಿಸ್ ಕೂಡ ಮುಗಿಸಬೇಕಿದೆ.

ಉತ್ತರ: ಸದ್ಯಕ್ಕೆ ಬಿಡಬೇಡಿ. ಹಾಗಂತ ಅದಕ್ಕೆ ಹೊಸ ಸೌಲಭ್ಯ ಸೇರಿಸಲೂ ಹೋಗಬೇಡಿ. ಮೂರು ತಂಡಗಳು ಇದನ್ನು ನಂಬಿ ಟೆಸ್ಟ್ ಬರೆದಿವೆ. ಆ ಟೆಸ್ಟುಗಳನ್ನೆಲ್ಲ ಇನ್ನೊಂದು ಫ್ರೇಮ್‌ವರ್ಕಿಗೆ ಸಾಗಿಸುವುದು ಇರುವುದನ್ನು ರಿಪೇರಿ ಮಾಡುವುದಕ್ಕಿಂತ ಎಷ್ಟೋ ದೊಡ್ಡ ಕೆಲಸ. ಅದೂ ಅಲ್ಲದೆ, ಕಂಪೈಲರ್ ಬದಲಾದ ಹೊತ್ತಿನಲ್ಲೇ ಫ್ರೇಮ್‌ವರ್ಕನ್ನೂ ಬದಲಿಸಿದರೆ ಯಾವ ಫೇಲ್ ಯಾವುದರಿಂದ ಬಂತು ಎಂದು ಹುಡುಕುವುದರಲ್ಲೇ ದಿನ ಹೋಗುತ್ತವೆ. ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ.

ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಟೆಸ್ಟ್ ಫ್ರೇಮ್‌ವರ್ಕಿನ ಕೆಲಸ ಒಂದೇ: ಲೆಕ್ಕ ತಪ್ಪಿದಾಗ ತಪ್ಪಿದೆ ಎಂದು ಹೇಳುವುದು. ಸರಿ ಇದ್ದಾಗ ಪಾಸ್ ಎನ್ನುವುದು ಯಾವ ಕೋಡಿಗೂ ಸುಲಭ. ತಪ್ಪಿದಾಗಲೂ ಪಾಸ್ ಎನ್ನುವ ಫ್ರೇಮ್‌ವರ್ಕ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಅದು ನಿಮ್ಮಲ್ಲಿದ್ದ ಅನುಮಾನವನ್ನೂ ತೆಗೆದುಹಾಕುತ್ತದೆ ನೋಡಿ. ನಮ್ಮ ಕಡೆಯ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಟಾನೇ ತಪ್ಪಿದ್ದರೆ ಟ್ರ್ಯಾಕ್ಟರನ್ನು ಎಷ್ಟು ಸಲ ತೂಗಿದರೂ ಪ್ರಯೋಜನವಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ನೀವು ಮುಂದೆ ತೆಗೆದುಕೊಳ್ಳುವ ಪ್ರತಿ ನಿರ್ಧಾರವನ್ನೂ ಈ ಒಂದು ಪ್ರಶ್ನೆಯಿಂದ ಅಳೆಯಿರಿ: ಇದರಿಂದ ತಪ್ಪು ಲೆಕ್ಕ ಸದ್ದಿಲ್ಲದೆ ಪಾಸ್ ಆಗುವ ದಾರಿ ತೆರೆಯುತ್ತದೆಯೇ, ಮುಚ್ಚುತ್ತದೆಯೇ?

ಈಗ ಕಂಪೈಲ್ ಸಮಸ್ಯೆಗೆ ಬರೋಣ. ಉಬುಂಟು 20.04ರ ಜೊತೆ ಬರುವುದು ಜಿಫೋರ್ಟ್ರಾನ್ ಎಂಬ ಫೋರ್ಟ್ರಾನ್ ಕಂಪೈಲರಿನ 9ನೇ ಆವೃತ್ತಿ. ಉಬುಂಟು 24.04ರದ್ದು 13. ಇವೆರಡರ ನಡುವೆ, 2020ರಲ್ಲಿ ಬಂದ ಜಿಸಿಸಿ 10 (ಜಿಫೋರ್ಟ್ರಾನ್ ಇದರದೇ ಭಾಗ) ಒಂದು ವಿಷಯದಲ್ಲಿ ಬಿಗಿಯಾಯಿತು. ಒಂದೇ ಫೈಲಿನೊಳಗೆ ಒಂದೇ ಸಬ್‌ರುಟೀನನ್ನು (ಹೆಸರಿಟ್ಟು ಕರೆಯುವ ಕೋಡಿನ ತುಂಡು) ಒಂದು ಕಡೆ ರಿಯಲ್ (ದಶಾಂಶ ಸಂಖ್ಯೆ) ಕೊಟ್ಟು, ಇನ್ನೊಂದು ಕಡೆ ಇಂಟಿಜರ್ (ಪೂರ್ಣಾಂಕ) ಕೊಟ್ಟು ಕರೆದರೆ ಈಗ ಅದು ಎರರ್. ಒಂದು ಕಡೆ ಅರೇ (ಸಂಖ್ಯೆಗಳ ಸಾಲು), ಇನ್ನೊಂದು ಕಡೆ ಒಂಟಿ ಸಂಖ್ಯೆ ಕೊಟ್ಟರೂ ಹಾಗೆಯೇ. ಮೊದಲು ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತಿತ್ತು. ಮಾಡ್ಯೂಲ್ ಇಲ್ಲದೆ ಹಳೇ ಶೈಲಿಯಲ್ಲಿ ಬರೆದ ಫ್ರೇಮ್‌ವರ್ಕುಗಳು ಈ ಸಡಿಲಿಕೆಯ ಮೇಲೇ ನಿಂತಿರುತ್ತವೆ, ಏಕೆಂದರೆ ಒಂದೇ ಸಬ್‌ರುಟೀನಿಗೆ ಎಲ್ಲ ಬಗೆಯ ಸಂಖ್ಯೆಗಳನ್ನೂ ಕಳಿಸುವ ಆಸೆ ಅಲ್ಲಿ ಸಹಜ. ನಿಮ್ಮ ಎರರ್ ಸಾಲಿನಲ್ಲಿ ‘ಟೈಪ್ ಮಿಸ್‌ಮ್ಯಾಚ್’ ಅಥವಾ ‘ರ‍್ಯಾಂಕ್ ಮಿಸ್‌ಮ್ಯಾಚ್’ ಎಂದಿದ್ದರೆ ಇದೇ ಕಾರಣ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗುವ ಪರಿಹಾರ ಒಂದು ಸ್ವಿಚ್: ‘-ಎಫ್‌ಅಲೋ-ಆರ್ಗ್ಯುಮೆಂಟ್-ಮಿಸ್‌ಮ್ಯಾಚ್’. ಅದನ್ನು ಹಾಕಿದರೆ ಎರರ್ ಮತ್ತೆ ಎಚ್ಚರಿಕೆಯಾಗಿ ಇಳಿಯುತ್ತದೆ, ಎಲ್ಲ ಕಂಪೈಲ್ ಆಗುತ್ತದೆ. ಹಳೆಯ ಲೆಕ್ಕದ ಲೈಬ್ರರಿಗಳಿಗೆ ಇದನ್ನು ಹಾಕಿ, ತಪ್ಪಿಲ್ಲ. ಫ್ರೇಮ್‌ವರ್ಕಿಗೆ ಮಾತ್ರ ಹಾಕಬೇಡಿ. ಇಂಟಿಜರಿನ ಬಿಟ್‌ಗಳನ್ನು ರಿಯಲ್ ಎಂದು ಓದಿ ಹೋಲಿಸುವ ಫ್ರೇಮ್‌ವರ್ಕ್ ಏನು ಹೇಳಿದರೂ ಅದಕ್ಕೆ ಬೆಲೆ ಇಲ್ಲ. ಸಬ್‌ರುಟೀನುಗಳನ್ನು ಒಂದು ಮಾಡ್ಯೂಲಿನೊಳಗೆ ತನ್ನಿ. ಪ್ರತಿ ಬಗೆಗೂ ಬೇರೆ ಸಬ್‌ರುಟೀನ್ ಬರೆದು, ಎಲ್ಲವನ್ನೂ ಒಂದೇ ಜೆನೆರಿಕ್ ಇಂಟರ್‌ಫೇಸ್ ಹೆಸರಿನ ಕೆಳಗೆ ಸೇರಿಸಿ. ಆ ಹೆಸರು ಹಳೆಯದೇ ಇರಲಿ. ಆಗ ಬಾಗಲಕೋಟೆಯವರು ತಮ್ಮ ಟೆಸ್ಟ್ ಫೈಲಿನ ಮೇಲ್ಗಡೆ ‘ಯೂಸ್’ ಸಾಲು ಒಂದನ್ನು ಸೇರಿಸಿದರೆ ಸಾಕು.

ಹೀಗೆ ಮಾಡಿದಾಗ ಕೆಲವು ಟೆಸ್ಟುಗಳು ಹೊಸದಾಗಿ ಕಂಪೈಲ್ ಆಗದೆ ನಿಲ್ಲುತ್ತವೆ. ಅವನ್ನು ಸಂತೋಷದಿಂದ ನೋಡಿ. ಸಾಮಾನ್ಯವಾಗಿ ಅಲ್ಲಿ ಸಿಗುವ ತಪ್ಪು ಇಂಥದ್ದು: ಒಂದು ಕಡೆ ಡಬಲ್ ಪ್ರಿಸಿಶನ್ (ಹೆಚ್ಚು ಅಂಕೆ ಹಿಡಿಯುವ) ವೇರಿಯಬಲ್, ಇನ್ನೊಂದು ಕಡೆ ಸುಮ್ನೆ 0.1 ಎಂದು ಬರೆದ ಸಂಖ್ಯೆ. ಫೋರ್ಟ್ರಾನಿನಲ್ಲಿ ಹಾಗೆ ಬರೆದ 0.1 ಸಿಂಗಲ್ ಪ್ರಿಸಿಶನ್ನಿನದು. ಅದನ್ನು ಡಬಲ್‌ಗೆ ಏರಿಸಿದರೆ 0.1 ಬರುವುದಿಲ್ಲ, 0.10000000149 ಬರುತ್ತದೆ. ಎರಡು ಬಗೆಗಳನ್ನು ಬೆರೆಸಿ ಹೋಲಿಸಲು ಅವಕಾಶ ಕೊಡುವ ಸಬ್‌ರುಟೀನನ್ನು ಯಾರಾದರೂ ‘ಅನುಕೂಲಕ್ಕೆ’ ಕೇಳಿದರೆ ಕೊಡಬೇಡಿ. ಕಂಪೈಲರೇ ತಡೆಯಲಿ.

ಮುಂದಿನದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ, ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ಫ್ರೇಮ್‌ವರ್ಕಿನಲ್ಲಿ ಎರಡು ರಿಯಲ್ ಸಂಖ್ಯೆಗಳನ್ನು ಹೋಲಿಸುವ ಸಾಲನ್ನು ತೆಗೆದು ನೋಡಿ. ‘ಎರಡರ ಅಂತರ ಮಿತಿಗಿಂತ ಜಾಸ್ತಿ ಇದ್ದರೆ ಫೇಲ್ ಮಾಡು’ ಎಂದು ಬರೆದಿದೆಯೇ? ಹಾಗಿದ್ದರೆ ಅಲ್ಲೊಂದು ದೊಡ್ಡ ತೂತು ಇದೆ. ಬೇಸಿಗೆಯಲ್ಲಿ ನೀರಿಲ್ಲದ ಕಾಲುವೆಯನ್ನು ತೆಗೆದುಕೊಳ್ಳಿ. ಹರಿವು ಸೊನ್ನೆ, ನೀರಿನ ಅಡ್ಡಕೊಯ್ತದ ವಿಸ್ತೀರ್ಣವೂ ಸೊನ್ನೆ. ಹರಿವನ್ನು ವಿಸ್ತೀರ್ಣದಿಂದ ಭಾಗಿಸಿ ವೇಗ ತೆಗೆದರೆ ಬರುವುದು ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲದ ಒಂದು ಬೆಲೆ. ಕಂಪ್ಯೂಟರಿನಲ್ಲಿ ದಶಾಂಶ ಸಂಖ್ಯೆಗಳ ಲೆಕ್ಕಕ್ಕಿರುವ ಐಇಇಇ 754 ನಿಯಮದ ಪ್ರಕಾರ ನ್ಯಾನ್ ಯಾವ ಸಂಖ್ಯೆಗಿಂತಲೂ ದೊಡ್ಡದಲ್ಲ, ಚಿಕ್ಕದಲ್ಲ, ಯಾವುದಕ್ಕೂ ಸಮವಲ್ಲ, ತನಗೆ ತಾನೂ ಸಮವಲ್ಲ. ಹಾಗಾಗಿ ‘ಅಂತರ ಮಿತಿಗಿಂತ ಜಾಸ್ತಿಯೇ?’ ಎಂಬ ಪ್ರಶ್ನೆಗೆ ಉತ್ತರ ‘ಇಲ್ಲ’. ಫೇಲ್ ಆಗುವ ಸಾಲಿಗೆ ಪ್ರೋಗ್ರಾಂ ಹೋಗುವುದೇ ಇಲ್ಲ. ಟೆಸ್ಟ್ ಪಾಸ್!

ಸರಿಪಡಿಸುವುದು ಸಣ್ಣ ಕೆಲಸ. ಪ್ರಶ್ನೆಯನ್ನು ತಿರುಗಿಸಿ ಕೇಳಿ: ‘ಅಂತರ ಮಿತಿಯೊಳಗೆ ಇಲ್ಲದಿದ್ದರೆ ಫೇಲ್ ಮಾಡು.’ ನ್ಯಾನ್ ಬಂದಾಗ ‘ಮಿತಿಯೊಳಗೆ ಇದೆ’ ಎಂಬುದೂ ಸುಳ್ಳಾಗುತ್ತದೆ, ಟೆಸ್ಟ್ ಫೇಲ್ ಆಗುತ್ತದೆ. ಇನ್ನೊಂದು ಎಚ್ಚರ: ಎರಡೂ ಕಡೆ ಇನ್ಫಿನಿಟಿಯೇ ಬರಬೇಕಾದ ಟೆಸ್ಟ್ ಇದ್ದರೆ ಇನ್ಫಿನಿಟಿಯಿಂದ ಇನ್ಫಿನಿಟಿ ಕಳೆದಾಗಲೂ ನ್ಯಾನ್ ಬರುತ್ತದೆ. ಅದಕ್ಕೆ ಮೊದಲು ನೇರ ಸಮಾನತೆ ನೋಡಿ, ಆಮೇಲೆ ಅಂತರಕ್ಕೆ ಹೋಗಿ.

ಇಷ್ಟಕ್ಕೇ ಮುಗಿಯಲಿಲ್ಲ. ಕಂಪೈಲ್ ಮಾಡುವ ಆಜ್ಞೆಗಳಿರುವ ನಿಮ್ಮ ಮೇಕ್‌ಫೈಲಿನಲ್ಲಿ ‘-ಓಫಾಸ್ಟ್’ ಅಥವಾ ‘-ಎಫ್‌ಫಾಸ್ಟ್-ಮ್ಯಾಥ್’ ಇದೆಯೇ ನೋಡಿ. ವೇಗಕ್ಕಾಗಿ ಬಹಳಷ್ಟು ತಂಡಗಳು ಇದನ್ನು ಹಾಕುತ್ತವೆ. ಈ ಸ್ವಿಚ್ ಹಾಕಿದಾಗ ನ್ಯಾನ್ ಎಂಬುದು ಬರುವುದೇ ಇಲ್ಲ ಎಂದು ಕಂಪೈಲರ್ ನಂಬಿಕೊಳ್ಳುತ್ತದೆ. ನೀವು ಜಾಣತನದಿಂದ ತಿರುಗಿಸಿ ಬರೆದ ಸಾಲನ್ನು ಅದು ಮತ್ತೆ ಮೊದಲಿನಂತೆ ತಿರುಗಿಸಬಹುದು, ನ್ಯಾನ್ ನೋಡುವ ಸಾಲನ್ನು ತೆಗೆದೇ ಹಾಕಬಹುದು. ಅದಕ್ಕೇ ಫ್ರೇಮ್‌ವರ್ಕಿನ ಫೈಲುಗಳನ್ನು ಬೇರೆಯಾಗಿ, ತಮ್ಮದೇ ಸ್ವಿಚ್‌ಗಳೊಂದಿಗೆ ಕಂಪೈಲ್ ಮಾಡಿಸಿ. ಲೆಕ್ಕದ ಕೋಡಿನ ಸ್ವಿಚ್‌ಗಳು ಇಲ್ಲಿಗೆ ಬರಬಾರದು.

ಇದೇ ಜಾತಿಯ ಇನ್ನೆರಡು ತೂತುಗಳಿವೆ. ಖಾಲಿ ಅರೇ ಒಂದನ್ನು ಫೋರ್ಟ್ರಾನಿನ ‘ಆಲ್’ ಫಂಕ್ಷನ್ನಿಗೆ ಕೊಟ್ಟರೆ ಉತ್ತರ ಯಾವಾಗಲೂ ‘ನಿಜ’. ಫೈಲ್ ಓದುವ ಸಬ್‌ರುಟೀನ್ ಏನನ್ನೂ ಓದದೆ ಖಾಲಿ ಅರೇ ಕೊಟ್ಟಿತು, ನಿರೀಕ್ಷಿತ ಅರೇಯೂ ಅದೇ ಫೈಲಿನಿಂದ ಬರುವಂಥದ್ದು, ಅದೂ ಖಾಲಿ. ಎಲ್ಲ ಪಾಸ್. ಆದ್ದರಿಂದ ಅರೇ ಹೋಲಿಸುವ ಮುಂಚೆ ಎರಡರ ಆಕಾರ ಒಂದೇ ಇದೆಯೇ ನೋಡಿ, ಖಾಲಿ ಇದ್ದರೆ ಕನಿಷ್ಠ ಒಂದು ಎಚ್ಚರಿಕೆ ಕೊಡಿ.

ಎರಡನೆಯದು ‘ಸ್ಟಾಪ್’. ಹಳೆಯ ವೈಜ್ಞಾನಿಕ ಕೋಡಿನಲ್ಲಿ ಅಲ್ಲಲ್ಲಿ ಸ್ಟಾಪ್ ಇರುತ್ತದೆ: ಏನೋ ಸರಿಯಿಲ್ಲ ಎಂದು ಕಂಡರೆ ಒಂದು ಸಾಲು ಪ್ರಿಂಟ್ ಮಾಡಿ ನಿಲ್ಲುವುದು. ಆದರೆ ಬರೀ ಸ್ಟಾಪ್ ಎಂದರೆ ಜಿಫೋರ್ಟ್ರಾನ್ ಆಪರೇಟಿಂಗ್ ಸಿಸ್ಟಂಗೆ ಸೊನ್ನೆ ಹಿಂತಿರುಗಿಸುತ್ತದೆ, ಅಂದರೆ ‘ಎಲ್ಲ ಸರಿ ಹೋಯಿತು’ ಎಂದ ಹಾಗೆ. ನೂರು ಟೆಸ್ಟುಗಳಲ್ಲಿ ಹನ್ನೆರಡನೆಯದು ಅಂಥ ಸ್ಟಾಪ್‌ಗೆ ಸಿಕ್ಕಿದರೆ ಉಳಿದ ಎಂಬತ್ತೆಂಟು ಓಡುವುದೇ ಇಲ್ಲ, ಆದರೂ ಒಂದೂ ಫೇಲ್ ಕಾಣುವುದಿಲ್ಲ. ಫೋರ್ಟ್ರಾನಿನಲ್ಲಿ ಬೇರೆ ಭಾಷೆಗಳ ಹಾಗೆ ಎಕ್ಸೆಪ್ಶನ್ ಹಿಡಿಯುವ ಸೌಲಭ್ಯ ಇಲ್ಲ. ಹಾಗಾಗಿ ಇದನ್ನು ಪ್ರೋಗ್ರಾಮಿನ ಒಳಗಿನಿಂದ ತಡೆಯಲು ಆಗುವುದಿಲ್ಲ. ಪರ್ಲ್ ಭಾಷೆಯ ಜೊತೆ 1987ರಲ್ಲಿ ಹುಟ್ಟಿದ ಟ್ಯಾಪ್ ಎಂಬ ಪದ್ಧತಿ ಇದಕ್ಕೆ ಸರಳ ಉಪಾಯ ಕೊಟ್ಟಿದೆ. ಒಟ್ಟು ಎಷ್ಟು ಟೆಸ್ಟ್ ಓಡಬೇಕು ಎಂದು ಮೊದಲೇ ಪ್ರಿಂಟ್ ಮಾಡಿ. ಪ್ರತಿ ಟೆಸ್ಟಿನ ನಂತರ ಅದರ ಸಂಖ್ಯೆ ಪ್ರಿಂಟ್ ಮಾಡಿ. ಹೊರಗಿನ ಒಂದು ಸಣ್ಣ ಸ್ಕ್ರಿಪ್ಟ್ ಎರಡನ್ನೂ ತಾಳೆ ನೋಡಲಿ. ಜೊತೆಗೆ, ಒಂದು ಫೇಲ್ ಇದ್ದರೂ ಫ್ರೇಮ್‌ವರ್ಕ್ ಕೊನೆಯಲ್ಲಿ ‘ಎರರ್ ಸ್ಟಾಪ್’ ಮೂಲಕ ಮುಗಿಯಲಿ. ಆಗ ಸೊನ್ನೆಯಲ್ಲದ ಸಂಖ್ಯೆ ಹೊರಗೆ ಹೋಗುತ್ತದೆ. ಪರದೆಯ ಮೇಲೆ ದೊಡ್ಡದಾಗಿ ಫೇಲ್ ಎಂದು ಬರೆದು, ಹೊರಗೆ ಸೊನ್ನೆ ಕಳಿಸುವ ಫ್ರೇಮ್‌ವರ್ಕುಗಳನ್ನು ನಾನು ನೋಡಿದ್ದೇನೆ. ಮನುಷ್ಯ ಅದನ್ನು ಓದುತ್ತಾನೆ, ಟೆಸ್ಟುಗಳನ್ನು ತಾನಾಗಿ ಓಡಿಸುವ ಮೇಕ್ ಅಥವಾ ಸಿಟೆಸ್ಟ್ ಓದುವುದಿಲ್ಲ.

ಈಗ ಮಿತಿಯ ವಿಷಯ, ಅಂದರೆ ಟಾಲರೆನ್ಸ್. ನಿಮ್ಮಲ್ಲಿ ಪಾಸ್ ಆಗುತ್ತಿದ್ದವು ಫೇಲ್ ಆಗಲು ಇದೂ ಒಂದು ಕಾರಣ ಇರಬಹುದು. ಫ್ರೇಮ್‌ವರ್ಕಿನಲ್ಲಿ ಎಲ್ಲ ಟೆಸ್ಟಿಗೂ ಒಂದೇ ಮಿತಿ ಇಟ್ಟಿದ್ದಾರೆಯೇ, ಉದಾಹರಣೆಗೆ 0.0000001? ನಮ್ಮದೇ ಜಲಾಶಯದ ಲೆಕ್ಕ ತೆಗೆದುಕೊಳ್ಳಿ. ಆಲಮಟ್ಟಿಯ ಸಾಮರ್ಥ್ಯ ಸುಮಾರು 123 ಟಿಎಂಸಿ. ಘನ ಮೀಟರಿಗೆ ಬದಲಿಸಿದರೆ ಸುಮಾರು 348 ಕೋಟಿ. ಅಷ್ಟು ದೊಡ್ಡ ಸಂಖ್ಯೆಯ ಬಳಿ ಡಬಲ್ ಪ್ರಿಸಿಶನ್ನಿನಲ್ಲಿ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವಿನ ಅಂತರವೇ ಸುಮಾರು 0.00000048. ನಿಮ್ಮ ಮಿತಿ ಅದಕ್ಕಿಂತ ಚಿಕ್ಕದು. ಅಂದರೆ ಮಿತಿ ಇಟ್ಟ ಹಾಗೆ ಕಾಣುತ್ತದೆ, ನಿಜಕ್ಕೂ ಕೊನೆಯ ಬಿಟ್‌ವರೆಗೆ ಒಂದೇ ಇರಬೇಕು ಎಂದು ಕೇಳುತ್ತಿದ್ದೀರಿ. ಸಿಂಗಲ್ ಪ್ರಿಸಿಶನ್ನಿನಲ್ಲಾದರೆ ಅಲ್ಲಿ ಅಕ್ಕಪಕ್ಕದ ಎರಡು ಸಂಖ್ಯೆಗಳ ನಡುವೆ 256 ಘನ ಮೀಟರ್ ಇರುತ್ತದೆ! ಇದನ್ನೇ 32 ಬಿಟ್ ಇಂಟಿಜರಿನಲ್ಲಿ ಇಡಲು ಹೋದರೆ ಹಿಡಿಸುವುದೇ ಇಲ್ಲ. ಅದರ ಗರಿಷ್ಠ ಮಿತಿ ಸುಮಾರು 214 ಕೋಟಿ.

ಇನ್ನೊಂದು ತುದಿ ನೋಡಿ. ಎರೆ ಮಣ್ಣಿನಲ್ಲಿ ನೀರು ಇಳಿಯುವ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರೆದರೆ ದಶಾಂಶ ಬಿಂದುವಿನ ನಂತರ ಆರೇಳು ಸೊನ್ನೆ ದಾಟಬೇಕಾಗುತ್ತದೆ. ಅಲ್ಲಿ 0.0000001ರ ಮಿತಿ ಇಟ್ಟರೆ ಹತ್ತು ಪಟ್ಟು ತಪ್ಪು ಉತ್ತರವೂ ಪಾಸ್ ಆಗಬಹುದು, ಸೊನ್ನೆ ಬಂದರೂ ಪಾಸ್ ಆಗಬಹುದು. ಒಂದೇ ಮಿತಿ ಒಂದು ಕಡೆ ಅತಿ ಬಿಗಿ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಅದಕ್ಕೆ ಫ್ರೇಮ್‌ವರ್ಕಿನಲ್ಲಿ ಎರಡು ಬೇರೆ ಮಿತಿಗಳಿರಲಿ: ನಿರೀಕ್ಷಿತ ಬೆಲೆಗೆ ತಕ್ಕಂತೆ ಬೆಳೆಯುವ ಸಾಪೇಕ್ಷ ಮಿತಿ ಒಂದು, ಸೊನ್ನೆಯ ಹತ್ತಿರದ ಬೆಲೆಗಳಿಗೆ ಸ್ಥಿರ ಮಿತಿ ಒಂದು. ಎರಡಕ್ಕೂ ಡಿಫಾಲ್ಟ್ ಬೆಲೆ ಇಡಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಟೆಸ್ಟ್ ಬರೆಯುವವರೇ ಸಂಖ್ಯೆ ಬರೆಯಲಿ. ಬರೆಯುವಾಗ ತಮ್ಮ ಲೆಕ್ಕದಲ್ಲಿ ಎಷ್ಟು ತಪ್ಪು ಸಹಿಸಬಹುದು ಎಂದು ಒಂದು ನಿಮಿಷ ಯೋಚಿಸುತ್ತಾರೆ. ಆ ಯೋಚನೆಯನ್ನು ಅವರ ಪರವಾಗಿ ಫ್ರೇಮ್‌ವರ್ಕ್ ಮಾಡಲಾಗದು.

ಹೊಸ ಕಂಪೈಲರಿನಲ್ಲಿ ಉತ್ತರ ಕೊನೆಯ ಅಂಕೆಗಳಲ್ಲಿ ಬದಲಾಗುವುದು ಸಹಜ. ‘-ಮಾರ್ಚ್=ನೇಟಿವ್’ ಇದ್ದರೆ ಗುಣಾಕಾರ ಮತ್ತು ಕೂಡುವಿಕೆ ಒಂದೇ ಹೆಜ್ಜೆಯಲ್ಲಿ ಆಗಿ, ನಡುವಿನ ರೌಂಡಿಂಗ್ ತಪ್ಪಿಹೋಗಬಹುದು. ಜಿಸಿಸಿ 12ರಿಂದ ‘-ಓ2’ನಲ್ಲೇ ಲೂಪುಗಳ ವೆಕ್ಟರೈಸೇಶನ್ (ಹಲವು ಸಂಖ್ಯೆಗಳ ಲೆಕ್ಕವನ್ನು ಒಟ್ಟಿಗೆ ಮಾಡುವುದು) ಶುರುವಾಗುತ್ತದೆ. ಅದರ ಜೊತೆ ಫಾಸ್ಟ್-ಮ್ಯಾಥ್ ಕೂಡ ಇದ್ದರೆ ಕೂಡುವ ಕ್ರಮವೇ ಬದಲಾಗಬಹುದು. ಆದರೆ ವ್ಯತ್ಯಾಸ ಎರಡನೆಯ, ಮೂರನೆಯ ಅಂಕೆಯಲ್ಲೇ ಕಂಡರೆ ಮಿತಿ ಸಡಿಲಿಸಿ ಕೈತೊಳೆದುಕೊಳ್ಳಬೇಡಿ. ಅಂಥ ಕಡೆ ಸಾಮಾನ್ಯವಾಗಿ ಬೆಲೆ ಕೊಡದೆ ಬಳಸಿದ ವೇರಿಯಬಲ್ ಸಿಗುತ್ತದೆ. ಹಳೆಯ ಕಂಪೈಲರಿನಲ್ಲಿ ಅದೃಷ್ಟಕ್ಕೆ ಅಲ್ಲಿ ಸೊನ್ನೆ ಇರುತ್ತಿತ್ತು, ಈಗ ಇಲ್ಲ. ‘-ಎಫ್‌ಚೆಕ್=ಆಲ್’ ಮತ್ತು ‘-ಎಫ್‌ಇನಿಟ್-ರಿಯಲ್=ಎಸ್‌ನ್ಯಾನ್’ ಹಾಕಿ, ‘-ಎಫ್‌ಎಫ್‌ಪಿಇ-ಟ್ರ್ಯಾಪ್=ಇನ್‌ವ್ಯಾಲಿಡ್’ ಜೊತೆ ಒಂದು ಸಲ ಓಡಿಸಿ. ತಪ್ಪು ಇರುವ ಸಾಲಿನಲ್ಲೇ ಪ್ರೋಗ್ರಾಂ ನಿಲ್ಲುವ ಸಾಧ್ಯತೆ ಜಾಸ್ತಿ. ಹೀಗೆ ಸಿಕ್ಕಿದ್ದು ನಿಮ್ಮ ಪ್ರೋಗ್ರಾಮಿನ ನಿಜವಾದ ದೋಷ. ಟೆಸ್ಟ್ ಫೇಲ್ ಆಗಿ ತನ್ನ ಕೆಲಸ ಮಾಡಿದೆ, ಅಲ್ವಾ?

ಫೇಲ್ ಆದಾಗ ಬರುವ ಸಂದೇಶದ ಮೇಲೂ ಸ್ವಲ್ಪ ಸಮಯ ಹಾಕಿ. ಹತ್ತು ಮೀಟರ್ ಅಗಲ, ಎರಡು ಮೀಟರ್ ಆಳದ ಆಯತಾಕಾರದ ಕಾಲುವೆ. ಇಳಿಜಾರು ಐದು ಸಾವಿರಕ್ಕೆ ಒಂದು. ಮ್ಯಾನಿಂಗ್ ಸೂತ್ರದ ಒರಟುತನದ ಗುಣಾಂಕ 0.025. ಕೈಲೆಕ್ಕದಲ್ಲಿ ಹರಿವು ಸೆಕೆಂಡಿಗೆ 14.35 ಘನ ಮೀಟರ್ ಬರುತ್ತದೆ. ಟೆಸ್ಟ್ ಸುಮ್ನೆ ‘ಫೇಲ್’ ಎಂದರೆ ನೋಡುವವರಿಗೆ ಏನೂ ತಿಳಿಯದು. ‘ಬರಬೇಕಿದ್ದದ್ದು 14.35, ಬಂದದ್ದು 17.96’ ಎಂದರೆ ಕಾಲುವೆ ಲೆಕ್ಕ ಗೊತ್ತಿರುವವರು ಬೇಗ ಊಹಿಸುತ್ತಾರೆ: ಹೈಡ್ರಾಲಿಕ್ ತ್ರಿಜ್ಯ ಹಾಕುವ ಕಡೆ ಯಾರೋ ಆಳವನ್ನೇ ಹಾಕಿದ್ದಾರೆ. ಎರಡೂ ಬೆಲೆ, ಅವುಗಳ ಅಂತರ, ಅರೇ ಆದರೆ ಮೊದಲು ತಪ್ಪಿದ ಸ್ಥಾನ, ಟೆಸ್ಟಿನ ಹೆಸರು. ಇಷ್ಟು ಇರಲೇಬೇಕು. ಸಂಖ್ಯೆಗಳನ್ನು ಪೂರ್ತಿ ಅಂಕೆಗಳೊಂದಿಗೆ ಪ್ರಿಂಟ್ ಮಾಡಿ. ಇಲ್ಲದಿದ್ದರೆ ‘14.35 ಬರಬೇಕಿತ್ತು, 14.35 ಬಂತು, ಫೇಲ್’ ಎಂಬ ಸಂದೇಶ ಬಂದು ಓದುವವರು ತಲೆ ಕೆರೆದುಕೊಳ್ಳುತ್ತಾರೆ.

ಸಾಲಿನ ಸಂಖ್ಯೆಯೂ ಬೇಕು ಎಂದು ನಿಮ್ಮ ಸೀನಿಯರ್ ಮ್ಯಾಕ್ರೋ (ಕಂಪೈಲಿಗೆ ಮೊದಲು ಪೂರ್ತಿ ಕೋಡಾಗಿ ಬಿಚ್ಚಿಕೊಳ್ಳುವ ಚುಟುಕು ಹೆಸರು) ಬಳಸಿರಬಹುದು. ಅಲ್ಲಿ ಒಂದು ವಿಚಿತ್ರ ತೊಂದರೆ ಇದೆ. ಮ್ಯಾಕ್ರೋ ಬಿಚ್ಚಿದಾಗ ಫೈಲಿನ ಪೂರ್ತಿ ಪಾತ್ ಆ ಸಾಲಿನೊಳಗೆ ಬಂದು ಕೂರುತ್ತದೆ. ಫೋರ್ಟ್ರಾನ್ ಫ್ರೀ ಫಾರ್ಮಿನಲ್ಲಿ ಒಂದು ಸಾಲಿಗೆ 132 ಅಕ್ಷರಗಳ ಮಿತಿ. 2023ರ ಸ್ಟ್ಯಾಂಡರ್ಡ್ ಇದನ್ನು 10,000ಕ್ಕೆ ಏರಿಸಿದೆ, ಆದರೆ ಅದನ್ನು ನೆಚ್ಚಿಕೊಳ್ಳಲು ಇನ್ನೂ ಕಾಲ ಇದೆ. ಹಾಗಾಗಿ ನಿಮ್ಮ ಕಂಪ್ಯೂಟರಿನಲ್ಲಿ ಕಂಪೈಲ್ ಆದ ಟೆಸ್ಟ್, ವಿಜಯಪುರದವರು ಉದ್ದ ಹೆಸರಿನ ಫೋಲ್ಡರಿನಲ್ಲಿ ಇಟ್ಟ ಮಾತ್ರಕ್ಕೆ ಎರರ್ ಕೊಡುತ್ತದೆ. ‘-ಎಫ್‌ಫ್ರೀ-ಲೈನ್-ಲೆಂಗ್ತ್-ನನ್’ ಹಾಕಿದರೆ ಜಿಫೋರ್ಟ್ರಾನಿನಲ್ಲಿ ಸರಿಹೋಗುತ್ತದೆ. ಪಾತ್ ಬಿಟ್ಟು ಬರೀ ಸಾಲಿನ ಸಂಖ್ಯೆ ಇಡುವುದು ಇನ್ನೂ ಒಳ್ಳೆಯದು.

ಟೆಸ್ಟಿನ ಹೆಸರನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳುತ್ತಾರೆ. ಕೋಟ್ ಒಳಗಿನ ಪಠ್ಯವಾಗಿ ಬರೆದರೆ ಜಿಫೋರ್ಟ್ರಾನ್ ಒಪ್ಪುತ್ತದೆ. ಅದು ಎಣಿಸುವುದು ಬೈಟ್‌ಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್ ಬೇಕು. ‘ಕಾಲುವೆ’ ಎಂಬ ಮೂರಕ್ಷರದ ಪದವೇ 18 ಬೈಟ್. ಫ್ರೇಮ್‌ವರ್ಕಿನಲ್ಲಿ ಹೆಸರಿಗೆ ಸ್ಥಿರ ಉದ್ದ ಇಟ್ಟಿದ್ದರೆ ಅಕ್ಷರದ ನಡುವೆಯೇ ಕತ್ತರಿಸಿಹೋಗುತ್ತದೆ. ಹೆಸರಿನ ವೇರಿಯಬಲ್ಲನ್ನು ಅಲೊಕೇಟಬಲ್ ಮಾಡಿ, ಹುಡುಗರು ಕನ್ನಡದಲ್ಲೇ ಬರೆಯಲಿ.

ಜೆನೆರಿಕ್ ಇಂಟರ್‌ಫೇಸ್ ಬರೆಯುವಾಗ ಇನ್ನೊಂದು ಸಮಸ್ಯೆ ಎದುರಾಗುತ್ತದೆ. ಇಂಟಿಜರ್ ಎರಡು ಬಗೆ, ರಿಯಲ್ ಎರಡು, ಕಾಂಪ್ಲೆಕ್ಸ್ ಎರಡು. ಒಂಟಿ ಸಂಖ್ಯೆಯಿಂದ ಏಳು ಆಯಾಮದ ಅರೇವರೆಗೆ ಎಂಟು ಆಕಾರ. ಅಲ್ಲಿಗೇ 48 ಸಬ್‌ರುಟೀನ್. ಫೋರ್ಟ್ರಾನ್ 2008 ಆಯಾಮಗಳನ್ನು 15ಕ್ಕೆ ಏರಿಸಿದೆ. ಇವನ್ನೆಲ್ಲ ಕೈಯಲ್ಲಿ ಬರೆದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಖಂಡಿತ. ಫೋರ್ಟ್ರಾನ್ ಸ್ಟ್ಯಾಂಡರ್ಡ್ ಲೈಬ್ರರಿ ಯೋಜನೆಯವರು ಇದಕ್ಕೆ ಪೈಥಾನಿನಲ್ಲಿ ಬರೆದ ಎಫ್‌ವೈಪಿಪಿ ಎಂಬ ಪ್ರೀಪ್ರೊಸೆಸರ್ ಬಳಸುತ್ತಾರೆ. ಒಂದು ಮಾದರಿ ಬರೆದರೆ ಎಲ್ಲವನ್ನೂ ಅದು ಹುಟ್ಟಿಸುತ್ತದೆ. ಆದರೆ ನಿಮಗೆ ಅಷ್ಟು ಬೇಕಿಲ್ಲ. ಮೂರು ತಂಡಗಳ ಟೆಸ್ಟುಗಳಲ್ಲಿ ನಿಜಕ್ಕೂ ಬಳಕೆಯಲ್ಲಿರುವ ಆಕಾರಗಳನ್ನು ಗ್ರೆಪ್ ಮಾಡಿ (ಹುಡುಕಿ) ನೋಡಿ. ಅಷ್ಟನ್ನೇ ಇಟ್ಟುಕೊಳ್ಳಿ.

ಇಷ್ಟೆಲ್ಲ ತಿದ್ದಿದ ಮೇಲೆ ಅದು ಹಾಗೆಯೇ ಉಳಿಯುತ್ತದೆ ಎನ್ನಲು ಏನು ಗ್ಯಾರಂಟಿ? ಅದಕ್ಕೆ ಬೇಕೆಂದೇ ಫೇಲ್ ಆಗಬೇಕಾದ ಟೆಸ್ಟುಗಳ ಒಂದು ಗುಂಪು ಬರೆಯಿರಿ. ನ್ಯಾನ್ ಕೊಟ್ಟರೆ ಫೇಲ್ ಆಗಬೇಕು. ಆಕಾರ ಬೇರೆ ಇದ್ದರೆ ಫೇಲ್ ಆಗಬೇಕು. ನಡುವೆ ಸ್ಟಾಪ್ ಬಂದರೆ ಹೊರಗಿನ ಸ್ಕ್ರಿಪ್ಟ್ ಗಲಾಟೆ ಮಾಡಬೇಕು. ಸಿಮೇಕ್ ಬಳಸುತ್ತಿದ್ದರೆ ಸಿಟೆಸ್ಟಿನಲ್ಲಿ ‘ವಿಲ್ ಫೇಲ್’ ಎಂಬ ಗುಣವೇ ಇದೆ: ಆ ಟೆಸ್ಟ್ ಫೇಲ್ ಆದರೆ ಮಾತ್ರ ಪಾಸ್ ಎಂದು ಎಣಿಸುತ್ತದೆ. ಹೊಸ ತೂತು ಯಾರಿಗೆ ಸಿಕ್ಕರೂ ಮೊದಲು ಇಲ್ಲಿ ಒಂದು ಟೆಸ್ಟ್ ಸೇರಿಸಿ, ಆಮೇಲೆ ರಿಪೇರಿ ಮಾಡಿ. ನಿಮ್ಮ ಫ್ರೇಮ್‌ವರ್ಕಿನಲ್ಲಿ ಇದು ಇಲ್ಲದಿದ್ದರೆ ಮೊದಲ ವಾರದ ಕೆಲಸ ಇದೇ. ಉಳಿದದ್ದೆಲ್ಲ ಆಮೇಲೆ.

ಈ ಗುಂಪನ್ನು ಒಂದಕ್ಕಿಂತ ಹೆಚ್ಚು ಕಂಪೈಲರಿನಲ್ಲಿ ಓಡಿಸಿ. ಜಿಫೋರ್ಟ್ರಾನಿನ ಎರಡು ಮೂರು ಆವೃತ್ತಿ, ಜೊತೆಗೆ ಇಂಟೆಲ್‌ನ ಐಎಫ್‌ಎಕ್ಸ್. ಅದು ಉಚಿತವಾಗಿ ಸಿಗುತ್ತದೆ. ಇಂಟೆಲ್‌ನ ಹಳೆಯ ಐಫೋರ್ಟ್ 2025ರ ಆವೃತ್ತಿಯಿಂದ ಇಲ್ಲ, ಯಾರಾದರೂ ಇನ್ನೂ ಅದರ ಮೇಲೆ ಇದ್ದರೆ ಈಗಲೇ ಹೇಳಿ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಪ್ರತಿ ಬದಲಾವಣೆಗೂ ಇದು ತಾನಾಗಿಯೇ ಓಡುವಂತೆ ಮಾಡಬಹುದು. ಕಂಪೈಲ್ ಮಾಡಿದ ಮಾಡ್ಯೂಲ್ ಫೈಲುಗಳನ್ನು ಮಾತ್ರ ಯಾರಿಗೂ ಕಳಿಸಬೇಡಿ. ಅವು ಒಂದು ಕಂಪೈಲರಿನದು ಇನ್ನೊಂದಕ್ಕೆ ಹೊಂದುವುದಿಲ್ಲ, ಜಿಫೋರ್ಟ್ರಾನಿನಲ್ಲೇ ಆವೃತ್ತಿ ಬದಲಾದರೆ ಕೆಲವೊಮ್ಮೆ ಹೊಂದುವುದಿಲ್ಲ. ಯಾವಾಗಲೂ ಸೋರ್ಸ್ ಕೊಡಿ.

ಹಳೆಯ ಟೆಸ್ಟುಗಳು ಬಿಗಿ ನಿಯಮಕ್ಕೆ ಸಿಕ್ಕಿ ಒಮ್ಮೆಲೇ ಕೆಂಪಾದರೆ ಬೇರೆ ತಂಡದವರು ಸಿಟ್ಟಾಗುತ್ತಾರೆ, ಅದು ನ್ಯಾಯವೂ ಹೌದು. ಆರ್ ಭಾಷೆಯ ಟೆಸ್ಟ್‌ದಟ್ ಪ್ಯಾಕೇಜ್ 2020ರಲ್ಲಿ ಇದಕ್ಕೆ ಒಳ್ಳೆಯ ದಾರಿ ಹಿಡಿಯಿತು. ದೊಡ್ಡ ಬದಲಾವಣೆಗಳನ್ನು ಮೂರನೆಯ ಎಡಿಶನ್ ಎಂದು ಕರೆದರು. ಯಾವ ಎಡಿಶನ್ ಬೇಕು ಎಂದು ಬಳಸುವವರೇ ಒಂದು ಸಾಲಿನಲ್ಲಿ ಹೇಳಬೇಕು. ಹೇಳದಿದ್ದರೆ ಹಳೆಯ ನಡವಳಿಕೆಯೇ ಮುಂದುವರಿಯುತ್ತದೆ. ನೀವೂ ಮಿತಿಯ ವಿಷಯದಲ್ಲಿ ಹೀಗೆ ಮಾಡಬಹುದು: ಹಳೆಯ ಹೆಸರಿನ ಸಬ್‌ರುಟೀನ್ ಹಳೆಯ ಹಾಗೇ ನಡೆಯಲಿ, ಒಂದು ಎಚ್ಚರಿಕೆ ಪ್ರಿಂಟ್ ಮಾಡಲಿ. ಹೊಸ ಹೆಸರಿನದು ಎರಡು ಮಿತಿ ಕೇಳಲಿ. ನ್ಯಾನ್ ವಿಷಯದಲ್ಲಿ ಮಾತ್ರ ಈ ರಿಯಾಯಿತಿ ಕೊಡಬೇಡಿ. ಅದನ್ನು ಕೂಡಲೇ ಎಲ್ಲರಿಗೂ ಸರಿಪಡಿಸಿ, ಮೊದಲೇ ಫೋನ್ ಮಾಡಿ ಯಾಕೆ ಎಂದು ತಿಳಿಸಿ.

ಸಿದ್ಧ ಫ್ರೇಮ್‌ವರ್ಕುಗಳ ಬಗ್ಗೆ ಕೇಳಿದಿರಿ. ಪಿಎಫ್‌ಯುನಿಟ್ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಬೆಳೆದದ್ದು. ಎಂಪಿಐ ಬಳಸಿ ಹಲವು ಪ್ರೊಸೆಸರುಗಳಲ್ಲಿ ಓಡುವ ಕೋಡಿಗೆ ಟೆಸ್ಟ್ ಬರೆಯಬೇಕಾದರೆ ಅದೇ ಸರಿ. ಪೈಥಾನಿನ ಪ್ರೀಪ್ರೊಸೆಸರ್ ಬೇಕು, ಫೋರ್ಟ್ರಾನ್ 2003ರ ಆಬ್ಜೆಕ್ಟ್ ಸೌಲಭ್ಯಗಳನ್ನು ಚೆನ್ನಾಗಿ ಬೆಂಬಲಿಸುವ ಕಂಪೈಲರ್ ಬೇಕು. ಟೆಸ್ಟ್-ಡ್ರೈವ್ ಇನ್ನೊಂದು. ಬಲು ಚಿಕ್ಕದು, ಬಳಸುವವರಿಗೆ ಪ್ರೀಪ್ರೊಸೆಸರಿನ ಹಂಗಿಲ್ಲ, ಫೋರ್ಟ್ರಾನ್ ಪ್ಯಾಕೇಜ್ ಮ್ಯಾನೇಜರ್ ಆದ ಎಫ್‌ಪಿಎಂ ಜೊತೆ ಸಲೀಸಾಗಿ ಹೊಂದುತ್ತದೆ. ನಿಮ್ಮ ಕೋಡ್ ಎಂಪಿಐ ಬಳಸದಿದ್ದರೆ ನನ್ನ ಆಯ್ಕೆ ಟೆಸ್ಟ್-ಡ್ರೈವ್. ಆದರೆ ಥೀಸಿಸ್ ಒಪ್ಪಿಸಿದ ಮೇಲೆ. ಆಗಲೂ ಹಳೆಯ ಟೆಸ್ಟುಗಳನ್ನು ಮುಟ್ಟಬೇಡಿ. ನಿಮ್ಮ ಜೆನೆರಿಕ್ ಹೆಸರುಗಳನ್ನು ಹಾಗೇ ಇಟ್ಟು, ಅವುಗಳ ಒಳಗೆ ಟೆಸ್ಟ್-ಡ್ರೈವ್‌ನ ಸಬ್‌ರುಟೀನುಗಳನ್ನು ಕರೆಯಿರಿ. ಬೇಕೆಂದೇ ಫೇಲ್ ಆಗುವ ನಿಮ್ಮ ಗುಂಪು ಆಗಲೂ ಓಡಲಿ. ಸಿದ್ಧ ಫ್ರೇಮ್‌ವರ್ಕನ್ನೂ ಕಣ್ಣು ಮುಚ್ಚಿ ನಂಬುವುದು ಬೇಡ.

ಸಮಯದ ಬಗ್ಗೆ: ಮೇಲಿನ ರಿಪೇರಿಗಳಿಗೆ ಆರಂಭದಲ್ಲಿ ಒಂದೆರಡು ವಾರ ಗಟ್ಟಿಯಾಗಿ ಕೂರಬೇಕು. ಆಮೇಲೆ ಹೊಸ ಕಂಪೈಲರ್ ಬಂದಾಗ, ಯಾರಾದರೂ ತೂತು ತೋರಿಸಿದಾಗ ಮಾತ್ರ ಕೆಲಸ. ‘ಎಚ್‌ಟಿಎಂಎಲ್ ರಿಪೋರ್ಟ್ ಬೇಕು’, ‘ಬಣ್ಣ ಬೇಕು’ ಎಂದು ಬರುವ ಬೇಡಿಕೆಗಳಿಗೆ ಬೇಡ ಎನ್ನಲು ಹಿಂಜರಿಯಬೇಡಿ. ಟ್ಯಾಪ್ ಔಟ್‌ಪುಟ್ ಇದ್ದರೆ ಅದನ್ನು ಓದಿ ರಿಪೋರ್ಟ್ ಮಾಡುವ ಉಪಕರಣಗಳು ಬೇಕಾದಷ್ಟಿವೆ. ಮಾಡಿದ ಕೆಲಸಕ್ಕೆ ಹೆಸರೂ ಪಡೆಯಿರಿ. ಜೆನೋಡೋ ಎಂಬ ಸಂಗ್ರಹ ತಾಣದಲ್ಲಿ ಇಟ್ಟರೆ ಡಿಒಐ (ಶಾಶ್ವತ ಗುರುತು ಸಂಖ್ಯೆ) ಸಿಗುತ್ತದೆ, ಥೀಸಿಸ್‌ನಲ್ಲಿ ಅದನ್ನು ಉಲ್ಲೇಖಿಸಬಹುದು.

ಎಲ್ಲಕ್ಕೂ ಮುಂಚೆ ರೆಪೊಸಿಟರಿಯಲ್ಲಿ ಲೈಸೆನ್ಸ್ ಫೈಲ್ ಇದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಸೀನಿಯರ್ ಬರೆದ ಕೋಡನ್ನು ಬೇರೆಯವರು ತಿದ್ದಿ ಹಂಚಲು ಕಾನೂನಿನಲ್ಲಿ ಅನುಮತಿಯೇ ಇಲ್ಲ. ಕಾಲೇಜಿನ ಕೆಲಸವಾಗಿ ಬರೆದದ್ದಾದರೆ ಹಕ್ಕು ಯಾರದು ಎಂದು ಗೈಡ್ ಹತ್ತಿರ ಕೇಳಿ. ಸೀನಿಯರ್ ಅವರ ಫೋನ್ ನಂಬರ್ ಇನ್ನೂ ಸಿಗುತ್ತಿರುವಾಗಲೇ ಎಂಐಟಿ ಅಥವಾ ಬಿಎಸ್‌ಡಿ ಲೈಸೆನ್ಸಿಗೆ ಇಮೇಲಿನಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬಾಗಲಕೋಟೆ ಅಥವಾ ವಿಜಯಪುರದ ತಂಡದಿಂದ ಒಬ್ಬರಿಗೆ ಬದಲಾವಣೆ ಸೇರಿಸುವ ಹಕ್ಕನ್ನೂ ಕೊಟ್ಟಿಡಿ, ವೈವಾ ಹತ್ತಿರ ಬಂದಾಗ ಅವರು ನೋಡಿಕೊಳ್ಳುತ್ತಾರೆ. ಮುಂದೆ ಯಾರೂ ಸಿಗದಿದ್ದರೆ ‘ಇನ್ನು ನೋಡಿಕೊಳ್ಳುವವರಿಲ್ಲ’ ಎಂದು ರೀಡ್‌ಮಿಯ ಮೊದಲ ಸಾಲಿನಲ್ಲಿ ಬರೆದು, ಜಿಫೋರ್ಟ್ರಾನಿನ ಯಾವ ಆವೃತ್ತಿವರೆಗೆ ಓಡಿಸಿ ನೋಡಿದ್ದೀರಿ ಎಂಬುದನ್ನೂ ಸೇರಿಸಿ, ಗಿಟ್‌ಹಬ್‌ನಲ್ಲಿ ಆರ್ಕೈವ್ ಮಾಡಿ.